ಬಸಿದ ನೀರು

ಮೂಡಲಪಾಳ್ಯದ ಕೆಂಚಪ್ಪ ಬಸ್ಸಾರಿಗೆ ಒಗ್ಗರಣೆ ಹಾಕಿದರೆ ಉಲ್ಲಾಳದ ಬಸ್ಸುಗಳು ದಾರಿ ಮರೆತು ಅವನ ಅಡಿಗೆಮನೆಯ ಕಿಟಕಿ ಕೆಳಗೆ ಬಂದು ನಿಲ್ಲುತ್ತಿದ್ದವು. ಕಂಡಕ್ಟರು ಸೀಟಿ ಊದಿ ಊದಿ ಕೆನ್ನೆ ಬಾತರೂ ಒಬ್ಬ ಪ್ಯಾಸೆಂಜರೂ ಅಲ್ಲಾಡುತ್ತಿರಲಿಲ್ಲ. ಜ್ಞಾನಭಾರತಿಯ ನವಿಲುಗಳು ಕಾಂಪೌಂಡ್ ಹತ್ತಿ ಸಾಲಾಗಿ ಕೂರುತ್ತಿದ್ದವು. ಹಾಗಂತ ಆಸ್ಪತ್ರೆಯ ವಾರ್ಡಿಗೆಲ್ಲ ಕೇಳುವಂತೆ ಹೇಳಿದವನು ಸ್ವತಃ ಕೆಂಚಪ್ಪ.

ಹೇಳಿದ್ದು ಹೆಂಡತಿಗಾಗಿ. ಜ್ವರ ಬಿಟ್ಟರೂ ಲಕ್ಷ್ಮಿದೇವಮ್ಮನ ಬಾಯಿಗೆ ಏನೂ ಸೇರುತ್ತಿರಲಿಲ್ಲ. ಮನೆಗೆ ಕಳಿಸುವಾಗ ಡಾಕ್ಟರು, ಸಂಜೆಯೊಳಗೆ ಏನಾದರೂ ಉಣ್ಣದಿದ್ದರೆ ವಾಪಸ್ ಕರೆತನ್ನಿ, ಮತ್ತೆ ಮೂಗಿಗೆ ಕೊಳವೆ ಹಾಕಬೇಕಾಗುತ್ತದೆ ಎಂದಿದ್ದರು. ಕೊಳವೆ ಎಂದೊಡನೆ ಅವಳು ಗೋಡೆಗೆ ಮುಖ ತಿರುಗಿಸಿದಳು. ಬೇಕು ಅಂದದ್ದು ಒಂದೇ, ದಂಟಿನ ಸೊಪ್ಪಿನ ಬಸ್ಸಾರು.

"ಅಷ್ಟೇನಾ? ನಿಮ್ಮಜ್ಜಿ ಮೇಲಿಂದ ಇಳಿದು ಬಂದು ಕೈ ನೆಕ್ಕಬೇಕು, ಹಂಗ್ ಮಾಡ್ತೀನಿ."

ಬೇಯಿಸುವವರೆಗೆ ಎಲ್ಲ ಸರಿಯಾಗಿತ್ತು. ಸೊಪ್ಪು, ಬೇಳೆ ಒಟ್ಟಿಗೆ ಕುದ್ದು ಮನೆಯೆಲ್ಲ ಘಮ್ಮೆಂದಿತು. ಕೆಂಚಪ್ಪ ಪಾತ್ರೆ ಎತ್ತಿ ಜರಡಿಗೆ ಬಗ್ಗಿಸಿ, ನೀರನ್ನು ಸೀದಾ ಸಿಂಕಿಗೆ ಬಿಟ್ಟ. ಬಸಿದ ಆ ಕಟ್ಟೇ ಸಾರಾಗಬೇಕಾದದ್ದು ಎಂಬುದು, ಅದು ಗುಳುಗುಳು ಇಳಿದು ಹೋದ ಮೇಲೆ ಹೊಳೆಯಿತು. ಆಗ ಅವನ ಎದೆ ಬಡಿದುಕೊಂಡ ಸದ್ದಿಗೆ ಚಂದ್ರಾ ಲೇಔಟಿನ ನಾಯಿಗಳೆಲ್ಲ ಎದ್ದು ಕೂತವು. ಸಿಂಕಿನ ಪೈಪು ಬಿಚ್ಚಿ ಬೋಗುಣಿ ಹಿಡಿದ. ಬಂದದ್ದು ಸೋಪಿನ ನೊರೆ.

ಮನೆಯಲ್ಲಿ ಇನ್ನೊಂದು ಕಂತೆ ಸೊಪ್ಪಿರಲಿಲ್ಲ. ಬಿಸಿಲು ಇಳಿಯುತ್ತಿತ್ತು. ಮನೆ ಯಜಮಾನನಾದ ಕೆಂಚಪ್ಪನೇ ಚೊಂಬು ಹಿಡಿದು ಮಹಡಿಯ ಬಾಡಿಗೆಯವರ ಮೆಟ್ಟಿಲು ಹತ್ತಿದ.

"ಏನಮ್ಮ ರಮ್ಯ, ಏನಾದ್ರೂ ಬೇಯಿಸಿದ ನೀರಿದ್ಯಾ?"

"ಹೆಸರುಕಾಳು ಬೇಯಿಸಿದ್ದಿದೆ ಅಂಕಲ್. ಗಿಡಕ್ಕೆ ಹಾಕೋಣ ಅಂತ..."

"ನಿನ್ನ ಗಿಡಕ್ಕೆ ಕಾವೇರಿನೇ ತಿರುಗಿಸ್ತೀನಿ, ಕೊಡು ತಾಯಿ!"

ಮೆಣಸಿನಕಾಯಿ, ಬೆಳ್ಳುಳ್ಳಿ, ಕಾಯಿ ರುಬ್ಬಿ ಕಲಸಿ, ಕುದಿಸಿ ತಂದ. ಲಕ್ಷ್ಮಿದೇವಮ್ಮ ಒಂದು ಚಮಚವನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ನುಂಗಿದಳೋ ಇಲ್ಲವೋ ತಿಳಿಯದೆ ಅವನು ಗಂಟಲನ್ನೇ ನೋಡಿದ.

"ಹೆಂಗೈತೆ? ನವಿಲುಗಳ್ನ ಕರೀಲಾ?"

"ಕಟ್ಟು ಯಾರ ಮನೇದು?"

"ನಮ್ದೇ."

"ಇದು ಹೆಸರುಕಾಳಿಂದು. ನಿಜ ಹೇಳೋವರ್ಗೂ ಬಾಯಿ ತೆಗೆಯಲ್ಲ."

ಕೆಂಚಪ್ಪ ಗಡಿಯಾರ ನೋಡಿದ.

"ನಮ್ದು ಸಿಂಕಲ್ಲಿ ಹೋಯ್ತು ಕಣೇ. ಇದು ರಮ್ಯಂದು."

ಅವಳು ಬಾಯಿ ತೆರೆದಳು. ಒಂದು ಚಮಚ. ಮತ್ತೆ ಮುಚ್ಚಿದಳು.

"ಬಸ್ಸು, ನವಿಲು ಎಲ್ಲಾ ಸುಳ್ಳು. ನಂಗೆ ಅನ್ನಕ್ಕಿಡೋಕೂ ಬರಲ್ಲ."

ಇನ್ನೊಂದು ಚಮಚ.

"ಇನ್ನೂ ಐತೆ, ಹೇಳಿ," ಎಂದಳು.

"ಇನ್ನೇನಿಲ್ಲ," ಎಂದ. ಅವಳು ತುಟಿ ಬಿಗಿದಳು. ಅವನ ದನಿ ವಾರ್ಡಿಗಿರಲಿ, ಪಕ್ಕದ ದಿಂಬಿಗೂ ಕೇಳದಷ್ಟು ಇಳಿಯಿತು.

"ಈ ಸಲ ಆಸ್ಪತ್ರೆಗೆ ಹೋದ್ರೆ ನೀನು ವಾಪಸ್ ಬರಲ್ಲ ಅಂತ ಹೆದರ್ಕೊಂಡಿದೀನಿ ಕಣೇ. ಅದಕ್ಕೇ ಅಷ್ಟೊಂದು ಬಡಾಯಿ."