ಮುಳ್ಳಿಗೆ ಗಾಳಿ ಹೊಡೆದ ಪಾಠ

ಚಾಮರಾಜಪೇಟೆಯ ಕೋಚಿಂಗ್ ಸೆಂಟರಿನ ಒಡೆಯ ವಾದಿರಾಜನಿಗೆ ಭೌತಶಾಸ್ತ್ರವೆಂದರೆ ಪ್ರಶ್ನೆಪತ್ರಿಕೆಯ ನಾಲ್ಕು ಆಪ್ಷನ್: ಎ, ಬಿ, ಸಿ, ಡಿ. ಅದಕ್ಕಿಂತ ಹೆಚ್ಚಿನ ಅಕ್ಷರ ಅವನಿಗೆ ಬೇಕಾಗಿರಲಿಲ್ಲ. ಗೋಡೆಯ ತುಂಬಾ ಅವನದೇ ಫೋಟೊ. ಕೆಳಗೆ ‘ವಿಜ್ಞಾನ ಸಾರ್ವಭೌಮ’ ಎಂಬ ಬಿರುದು, ಅದೂ ಅವನೇ ಕೊಟ್ಟುಕೊಂಡದ್ದು. ಅಲ್ಲಿ ಪಾಠ ಹೇಳುತ್ತಿದ್ದ ಮಧುರಾಳಿಗೆ ಅವನನ್ನು ಕಂಡರೆ ಹೇಸಿಗೆ.

ಆ ದಿನ ಅವಳು ಬೋರ್ಡಿನ ಮೇಲೆ ಮೆಟ್ರೋ ಬೋಗಿ ಬರೆದಿದ್ದಳು. ನೆಲದಲ್ಲೊಂದು ಕನ್ನಡಿ, ಚಾವಣಿಯಲ್ಲೊಂದು. ನಡುವೆ ಪುಟಿಯುವ ಬೆಳಕು; ಒಂದು ಸಲ ಪುಟಿದರೆ ಗಡಿಯಾರದ ಒಂದು ಟಿಕ್.

“ಒಳಗೆ ಕೂತೋರಿಗೆ ಬೆಳಕು ನೇರ ಮೇಲಕ್ಕೆ ಹೋಗಿ ಕೆಳಕ್ಕೆ ಬರತ್ತೆ. ಪ್ಲಾಟ್‌ಫಾರ್ಮಲ್ಲಿ ನಿಂತೋರಿಗೆ? ರೈಲು ಮುಂದಕ್ಕೆ ಓಡ್ತಿದೆ, ಅದಕ್ಕೆ ಬೆಳಕು ಓರೆಯಾಗಿ ಹೋಗತ್ತೆ. ದಾರಿ ಉದ್ದ ಆಯ್ತು. ಆದ್ರೆ ಬೆಳಕಿನ ವೇಗ ಇಬ್ಬರಿಗೂ ಒಂದೇ. ಅಂದ್ಮೇಲೆ ಹೊರಗಿನವರ ಲೆಕ್ಕದಲ್ಲಿ ಒಂದು ಸಲ ಪುಟಿಯೋಕೆ ಜಾಸ್ತಿ ಹೊತ್ತು ಬೇಕು. ಓಡೋ ಗಡಿಯಾರ ನಿಧಾನ ಅನ್ನೋದು ಇದಕ್ಕೇ.”

ದೀಪ್ತಿ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು. “ಮ್ಯಾಮ್, ರೈಲಲ್ಲಿರೋರಿಗೆ ಪ್ಲಾಟ್‌ಫಾರ್ಮೇ ಹಿಂದಕ್ಕೆ ಓಡ್ತಿರತ್ತಲ್ವಾ? ಅವರಿಗೆ ಹೊರಗಿನ ಗಡಿಯಾರ ನಿಧಾನ ಆಗ್ಬೇಕು. ಯಾರದು ಸರಿ?”

ಮಧುರಾಳ ಮುಖ ಅರಳಿತು. “ಇಬ್ಬರದೂ ಸರಿ.”

ಬಾಗಿಲಲ್ಲಿ ನಿಂತಿದ್ದ ವಾದಿರಾಜ ಹೊಟ್ಟೆ ಕುಣಿಸಿ ನಕ್ಕ. “ಏನ್ರೀ ಮೇಡಂ, ಇಬ್ಬರದೂ ಸರಿ ಅಂದ್ರೆ ಯಾವ ಆಪ್ಷನ್ ಟಿಕ್ ಮಾಡ್ತಾರೆ? ಕೀ ಆನ್ಸರ್ ‘ಎ’. ಸ್ಪೀಡಾಗಿ ಹೋದ್ರೆ ಗಡಿಯಾರದ ಮುಳ್ಳಿಗೆ ಗಾಳಿ ಹೊಡಿಯತ್ತೆ, ಸ್ಲೋ ಆಗತ್ತೆ. ಮುಗೀತು. ಬರ್ಕೊಳ್ರೋ!”

ಮುಳ್ಳಿಗೆ ಗಾಳಿಯಂತೆ! ತರಗತಿ ತಲೆತಗ್ಗಿಸಿ ಅದನ್ನೂ ಬರೆದುಕೊಂಡಿತು.

“ಗಾಜಿನೊಳಗಿರೋ ಮುಳ್ಳಿಗೆ ಯಾವ ಗಾಳಿ ಸರ್?” ಎಂದಳು ಮಧುರಾ. “ಗಾಳಿನೇ ಇಲ್ಲದ ಬಾಹ್ಯಾಕಾಶದಲ್ಲಿ?”

“ಅದು ಸಿಲಬಸ್ಸಲ್ಲಿಲ್ಲ.”

“ನಿಮ್ಮ ತಲೇಲೂ ಇಲ್ಲ.”

ಮಾರ್ಕರನ್ನು ಮೇಜಿನ ಮೇಲೆ ಎಸೆದು ಅವಳು ಹೊರನಡೆದಳು. ಕೆಲಸ ಹೋಯಿತೆಂದು ಗೊತ್ತಿತ್ತು. ಮೈಮೇಲಿನ ಕೊಳೆ ತೊಳೆದಷ್ಟು ಹಗುರವೆನಿಸಿತು. ದೀಪ್ತಿಯೊಬ್ಬಳು ಬ್ಯಾಗೆತ್ತಿಕೊಂಡು ಹಿಂದೆಯೇ ಬಂದಳು.

“ಮ್ಯಾಮ್, ಪೂರ್ತಿ ಹೇಳ್ಬಿಟ್ಟು ಹೋಗಿ.”

ಇಬ್ಬರೂ ಮೆಟ್ಟಿಲ ಮೇಲೆ ಕುಳಿತರು. “ವೇಗ, ದಿಕ್ಕು ಬದಲಿಸದೆ ಒಬ್ಬರಿಂದೊಬ್ಬರು ದೂರ ಹೋಗ್ತಾನೇ ಇದ್ರೆ ಇಬ್ಬರ ಮಾತೂ ಸರಿ,” ಎಂದಳು ಮಧುರಾ. “ಗಡಿಯಾರಗಳನ್ನ ಮತ್ತೆ ಪಕ್ಕಪಕ್ಕ ಇಟ್ಟು ನೋಡ್ಬೇಕು ಅಂದ್ರೆ ಒಬ್ಬರು ತಿರುಗಿ ಬರ್ಬೇಕು. ತಿರುಗಿ ಬಂದೋರ ಗಡಿಯಾರ ಹಿಂದೆ ಬಿದ್ದಿರತ್ತೆ.”

ದೀಪ್ತಿ ಯೋಚಿಸಿದಳು. “ಓಹ್! ತಿರುಗಿದ್ದು ಒಬ್ಬರೇ. ಅಲ್ಲಿಗೆ ಇಬ್ಬರೂ ಸಮ ಅಲ್ಲ!”

“ಅಷ್ಟೇ ಕಣೆ.”

ವಾದಿರಾಜನಿಗೆ ಅದೇ ವಾರ ಬೇರೆ ಮೇಷ್ಟ್ರು ಸಿಕ್ಕರು, ಪ್ರಶ್ನೆ ಕೇಳಗೊಡದವರು. ಉಳಿದವರೆಲ್ಲ ಅಲ್ಲೇ ಸುಖವಾಗಿದ್ದರು. ದೀಪ್ತಿ ಮಾತ್ರ ಸಂಜೆ ಹನುಮಂತನಗರಕ್ಕೆ, ಮಧುರಾಳ ಮನೆಗೆ, ಹೊಸ ಹೊಸ ತಕರಾರು ಹೊತ್ತು ಬರತೊಡಗಿದಳು.