ಮಸಿಯ ಮೇಲೆ ಹಾಸದ ನಡೆಮಡಿ

ಹೊಸನಗರದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ನಮ್ಮ ಪೇಟೆ. ಶರಾವತಿಯ ಕರೆಂಟು ಇನ್ನೂ ನಮಗೆ ಬಂದಿರಲಿಲ್ಲ. ಗಿರಣಿ ಮಂಜಯ್ಯಗೌಡರು ಸಾಗರದ ರೈಲ್ವೆ ಸ್ಟೇಷನ್ನಿನಿಂದ ಲಾರಿಯಲ್ಲಿ ಕಲ್ಲಿದ್ದಲು ತರಿಸಿ, ಉಗಿ ಇಂಜಿನ್ನು ಓಡಿಸಿ, ತಮ್ಮ ಗಿರಣಿಗೂ ಪೇಟೆ ಬೀದಿಗೂ ಕರೆಂಟು ಕೊಟ್ಟರು. ಜನ ಅವರನ್ನು ದೇವರೆಂದರು. ದೇವರ ಚಿಮಣಿ ಮಾತ್ರ ಮಾವಿನ ಮರಕ್ಕಿಂತ ಗಿಡ್ಡ. ಅದರ ಮಸಿಯೆಲ್ಲ ಬೀಳುತ್ತಿದ್ದದ್ದು ಹಳ್ಳದ ದಂಡೆಯಲ್ಲಿ ನಾವು ಒಣಹಾಕಿದ ಬಟ್ಟೆಯ ಮೇಲೆ.

ನಾವು ಮಡಿವಾಳರು. ಒಗೆದದ್ದನ್ನೇ ಮತ್ತೆ ಒಗೆದು ಅವ್ವ ವೆಂಕಮ್ಮನ ಅಂಗೈ ಒಡೆದಿತ್ತು. ಆದರೂ ಜನ ಬಟ್ಟೆಯನ್ನು ಮುಖಕ್ಕೆ ಎಸೆದು, ಇನ್ನು ಬೇರೆ ಊರಿನವರಿಗೆ ಕೊಡುತ್ತೇವೆ ಎನ್ನತೊಡಗಿದರು. ಚಿಮಣಿ ಎತ್ತರಿಸಲಿ, ಅಲ್ಲಿಯವರೆಗೆ ಹಗಲು ಬೆಂಕಿ ಹಾಕದಿರಲಿ, ಒಂದು ಕಟ್ಟಳೆ ಮಾಡಿ ಎಂದು ಪಂಚಾಯ್ತಿ ಚೇರ್ಮನ್ ಧರ್ಮಪ್ಪನವರನ್ನು ಕೇಳಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ಕಟ್ಟಳೆ ಹೇಳಿಕೊಡುತ್ತಾನೆ ಎಂದು ನಕ್ಕರು. ಗೌಡರಂತೂ, ಮಸಿಯೂ ಇಲ್ಲ ಮಣ್ಣೂ ಇಲ್ಲ, ನಿಮ್ಮವ್ವನಿಗೆ ಒಗೆಯಲು ಬರುವುದಿಲ್ಲ ಅಷ್ಟೆ ಎಂದರು. 

ಬೇಸಿಗೆಯಲ್ಲಿ ಗೌಡರ ಮಗಳ ಮದುವೆ. ಚಪ್ಪರ ಹಾಕಿದ್ದು ಗಿರಣಿ ಪಕ್ಕ, ಹಳ್ಳದ ದಂಡೆಯಲ್ಲೇ. ಗಂಡು ತೀರ್ಥಹಳ್ಳಿ ಕಡೆಯವನು. ಮದುವಣಿಗ ಚಪ್ಪರಕ್ಕೆ ನಡೆಯುವುದು ಮಡಿವಾಳ ಹಾಸಿದ ಬಿಳಿ ಬಟ್ಟೆಯ ಮೇಲೆ. ಅದೇ ನಡೆಮಡಿ. ಅದಿಲ್ಲದೆ ಅವನು ಒಂದು ಹೆಜ್ಜೆ ಇಡುವಂತಿಲ್ಲ. ಬೀಗರಿಗೆ ಹಗಲಲ್ಲೇ ಬಣ್ಣದ ಬಲ್ಬು ತೋರಿಸುವ ಹುಚ್ಚಿಗೆ ಗೌಡರು ಅವತ್ತು ಇಂಜಿನ್ನು ಜೋರಾಗಿ ಓಡಿಸಿದ್ದರು.

ದಿಬ್ಬಣ ಬಂತು. ನಾನು ಒಂದು ಮಾರು ಬಟ್ಟೆ ಬಿಚ್ಚಿದೆ. ಅದರ ಮೇಲೆ ಮಸಿ ಉದುರಿತು. ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ.

"ಹಾಸೋ ಕೆರಿಯಾ, ಮುಹೂರ್ತ ಮೀರ್ತದೆ," ಎಂದು ಗೌಡರು ಹಲ್ಲು ಕಚ್ಚಿದರು.

"ಇಂಜಿನ್ ನಿಲ್ಲಿಸ್ರಿ ಗೌಡ್ರೇ, ಹಾಸ್ತೀನಿ."

ಯಾರೋ ನನ್ನ ರಟ್ಟೆ ಹಿಡಿದು ಎಳೆದರು. ನಾನು ಕದಲಲಿಲ್ಲ. ಮದುವಣಿಗನ ಅಜ್ಜ ಹೂವಯ್ಯಗೌಡರು ಮುಂದೆ ಬಂದು ಬಟ್ಟೆ ಬಿಡಿಸಿ ನೋಡಿದರು. ತಮ್ಮ ಪೇಟವನ್ನು ಬೆರಳಿಂದ ಒರೆಸಿ, ಕಪ್ಪಾದ ಬೆರಳನ್ನು ಬೀಗರ ಮುಂದೆ ಹಿಡಿದರು.

"ಮಸಿ ಬಿದ್ದ ಮಡಿ ಮೇಲೆ ನಮ್ಮ ಹುಡುಗ ಕಾಲಿಡಲ್ಲ ಬೀಗ್ರೇ. ಆ ಹೊಗೆ ನಿಲ್ಸಿ."

ಮಂಜಯ್ಯಗೌಡರು ಪಂಚೆ ಎತ್ತಿಕಟ್ಟಿ ತಾವೇ ಇಂಜಿನ್ ಮನೆಗೆ ಓಡಿದರು. ಬಲ್ಬುಗಳು ಆರಿದವು. ಎಷ್ಟೋ ಕಾಲದ ಮೇಲೆ ಹಗಲಲ್ಲಿ ಹಳ್ಳದ ಸದ್ದು ಕೇಳಿಸಿತು. ಆಗಲೂ ನಾನು ಹಾಸಲಿಲ್ಲ. ಪನ್ನೀರುದಾನಿ ಹಿಡಿದು ನಿಂತಿದ್ದ ಧರ್ಮಪ್ಪನವರ ಕಡೆ ತಿರುಗಿದೆ.

"ನಾಳೆ ಮತ್ತೆ ಹೊತ್ತಿಸಲ್ಲ ಅಂತ ಯಾರು ಹೇಳ್ತಾರೆ, ಚೇರ್ಮನ್ರೇ?"

ಎರಡೂ ಕಡೆಯ ಬೀಗರು ಅವರನ್ನೇ ನೋಡುತ್ತಿದ್ದರು. ಮಾವಿನ ಮರ ಮೀರುವಷ್ಟು ಚಿಮಣಿ ಏಳುವವರೆಗೆ ಹಗಲು ಬೆಂಕಿ ಹಾಕುವಂತಿಲ್ಲ, ಇದು ಪಂಚಾಯ್ತಿಯ ಕಟ್ಟಳೆ ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿದರು. ಇಂಜಿನ್ ಮನೆಯಿಂದ ವಾಪಸು ಬಂದಿದ್ದ ಗೌಡರು ಹೂಂ ಎಂದು ತಲೆ ಆಡಿಸಿದರು.

ಬಟ್ಟೆ ಕೊಡವಿ, ಮಗುಚಿ ಹಾಸಿದೆ. ಚಪ್ಪರದವರೆಗೂ ಹಾಲು ಹರಿದ ಹಾಗಿತ್ತು. ಮಳೆಗಾಲಕ್ಕೆ ಮುಂಚೆ ಚಿಮಣಿಯೂ ಎದ್ದಿತು, ಬಿಡಿ.

ಅವತ್ತು ಮದುವಣಿಗ ನಡೆದು ಹೋದ ಮೇಲೆ ಬಟ್ಟೆ ಎತ್ತಿ ನೋಡಿದೆ. ಕಾಲಿನ ಮಣ್ಣಿತ್ತು, ಅಷ್ಟೆ. ಅವ್ವ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಗೌಡರಿಗೆ ಕೇಳುವ ಹಾಗೇ ಹೇಳಿದಳು:

"ತಾ ಇಲ್ಲಿ. ಇದನ್ನ ಒಗೆಯಕ್ಕೆ ನಂಗೆ ಬರ್ತದೆ."