ತಾತನ ಮೊಟ್ಟೆ, ಅಜ್ಜಿಯ ತೋಳು

ನಮ್ಮ ಗುಮ್ಮಳಾಪುರದಲ್ಲಿ ತಾತ ರಾಮಕೃಷ್ಣಪ್ಪ ಒಂದು ಮಾತು ಆಡಿದರೆ ಮುಗಿಯಿತು. ಬದುವಿನ ಜಗಳವಾಗಲಿ, ಟೊಮೆಟೊಗೆ ಔಷಧಿ ಹೊಡೆಯುವುದಾಗಲಿ, ಅವರು ಹೇಳಿದ್ದನ್ನೇ ಎಲ್ಲರೂ ಹೇಳುತ್ತಾರೆ. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರು ಯಾರು? ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ನನ್ನ ಎಂ.ಎಸ್ಸಿ. ಪ್ರಾಜೆಕ್ಟ್ ಬರುವವರೆಗೆ.

ಗ್ಯಾಲಕ್ಸಿ ಅಂದರೆ ಕೋಟಿಗಟ್ಟಲೆ ನಕ್ಷತ್ರಗಳ ಗುಂಪು. ಅದರ ಫೋಟೊ ನೋಡಿ ಆಕಾರ ಹೇಳಬೇಕು: ಮೊಟ್ಟೆಯ ಹಾಗೆ ನುಣ್ಣಗಿದೆಯೋ, ಸುರುಳಿ ಸುತ್ತಿದ ತೋಳುಗಳಿವೆಯೋ, ಎರಡೂ ಅಲ್ಲದ ಅಡ್ಡಾದಿಡ್ಡಿಯೋ. ಕಂಪ್ಯೂಟರ್ ಹೇಳಿದ್ದಕ್ಕೂ ವಿಜ್ಞಾನ ಓದದವರ ಕಣ್ಣಿಗೆ ಕಂಡದ್ದಕ್ಕೂ ಎಷ್ಟು ಹೊಂದುತ್ತದೆ ಎಂದು ನೋಡುವುದು ನನ್ನ ಕೆಲಸ. ಜಗಲಿಗೆ ಟಿವಿ ತಂದು, ಮನೆಯವರನ್ನೂ ನೆರೆಯವರನ್ನೂ ಕೂರಿಸಿ ಒಂದೊಂದೇ ಫೋಟೊ ತೋರಿಸಿದೆ. ಪಟಪಟನೆ ಉತ್ತರಗಳು ಬಂದವು. ನಾನೂ ಬೀಗಿದೆ.

ಕಾಲೇಜಿನಲ್ಲಿ ನನ್ನ ಗೈಡ್ ಜಯಂತಿ ಮಿಸ್ ಆ ಉತ್ತರಗಳನ್ನು ನೋಡಿ ಕನ್ನಡಕ ತೆಗೆದರು.

"ಏನು ಸುಷ್ಮಾ ಇದು? ಇಷ್ಟು ಜನಕ್ಕೂ ಒಂದೇ ಕಣ್ಣಾ?"

ನೋಡಿದರೆ ನಿಜ. ತಾತ ಮೊದಲು ಹೇಳಿದ್ದರು, ಮಿಕ್ಕವರು ಅದನ್ನೇ ಹೇಳಿದ್ದರು. ಒಬ್ಬೊಬ್ಬರೂ ತಮಗೆ ಕಂಡದ್ದನ್ನು ಹೇಳದಿದ್ದರೆ ಅದು ಲೆಕ್ಕಕ್ಕಿಲ್ಲ, ಸೋಮವಾರದೊಳಗೆ ಸರಿಮಾಡದಿದ್ದರೆ ಪ್ರಾಜೆಕ್ಟ್ ರದ್ದು, ಒಂದು ವರ್ಷ ಹೋದಂತೆ ಎಂದರು ಮಿಸ್. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಈ ಸಲ ಹೊಸ ಫೋಟೊಗಳನ್ನು ತಂದು, ಒಬ್ಬೊಬ್ಬರನ್ನೇ ಅಡುಗೆಮನೆಗೆ ಕರೆದೆ. ಮೊದಲು ಬಂದ ಪಕ್ಕದ ಮನೆಯ ಕೊಂಡಪ್ಪ ಫೋಟೊ ಕಡೆ ಕಣ್ಣೇ ಹಾಯಿಸಲಿಲ್ಲ.

"ನಿಮ್ ತಾತ ಏನಂದ್ರು? ನಂದೂ ಅದೇ ಬರ್ಕೊಳವ್ವ."

"ನಿನ್ ಕಣ್ಣು ಎಲ್ಲೋಯ್ತು ಮಾವ?"

"ಹಿರೀಕರು ಹೇಳಿದ್ಮೇಲೆ ನಮ್ದೇನೈತೆ?"

ಆಮೇಲೆ ಬಂದವರದೂ ಅದೇ ರಾಗ. ನನ್ನ ತಲೆ ಕೆಟ್ಟಿತು. ಎಲ್ಲರನ್ನೂ ಮತ್ತೆ ಜಗಲಿಗೆ ಎಳೆತಂದು, ಟಿವಿ ಹಾಕಿ ಕೂಗಿದೆ: "ತಾತ ಮಾತಾಡಂಗಿಲ್ಲ! ಮೊದ್ಲು ನೀವೆಲ್ಲ ಹೇಳಿ."

ಟಿವಿಯಲ್ಲಿ ಮಸುಕಾದ ಗ್ಯಾಲಕ್ಸಿಯೊಂದಿತ್ತು, ಎಲ್ಲರ ಕಣ್ಣು ಮಾತ್ರ ತಾತನ ಮೇಲಿತ್ತು. ತಾತ ತಡೆಯಲಾರದೆ "ಮೊಟ್ಟೆ" ಎಂದೇಬಿಟ್ಟರು.

"ಮೊಟ್ಟೆ," ಎಂದ ಕೊಂಡಪ್ಪ. "ಮೊಟ್ಟೇನೇ," ಎಂದಳು ಸೋದರತ್ತೆ ನಾಗವೇಣಿ. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಆಗ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ರಾಮಲಕ್ಷ್ಮಮ್ಮ ತಲೆಯೆತ್ತಿದಳು. ಮದುವೆಯಾದಾಗಿನಿಂದ ಗಂಡನಿಗೆ ಎದುರು ಮಾತಾಡಿದವಳಲ್ಲ.

"ಅದು ಮೊಟ್ಟೆ ಅಲ್ಲ ಕಣ್ರೀ. ತೋಳು ಅದೆ."

ಅಜ್ಜಿ ಎದ್ದು ಬಂದು, ಅಂಚಿನಲ್ಲಿದ್ದ ಮಸುಕು ಗೆರೆಯ ಮೇಲೆ ಬೆರಳಾಡಿಸಿದಳು. "ಇಲ್ಲಿಂದ ಹೊಂಟು ಹಿಂಗೆ ಬಳಸ್ಕೊಂಡದೆ."

ತಾತ ಕಣ್ಣು ಕಿರಿದುಮಾಡಿದರು. "ನಂಗೇನೂ ಕಾಣಾಕಿಲ್ವಲ್ಲ."

"ನಿಮ್ಗೆ ಕಾಣ್ದಿದ್ರೆ ಇಲ್ಲ ಅಂತಾನಾ? ನಂಗೆ ಕಾಣ್ತದೆ."

ನನಗೆ ಸರಿಯುತ್ತರ ಗೊತ್ತಿತ್ತು, ಹೇಳುವಂತಿರಲಿಲ್ಲ. ತಾತ ನನ್ನ ಕಡೆ ತಿರುಗಿದರು.

"ನಂದು ಮೊಟ್ಟೆ ಅಂತ್ಲೇ ಬರ್ಕೊ. ಅವಳ್ದು ಬೇರೆ ಬರ್ಕೊ."

ಅಷ್ಟೇ ಬೇಕಾಗಿತ್ತು. "ಹಂಗಾದ್ರೆ ನಂದೂ ಬ್ಯಾರೆ!" ಎಂದು ಕೊಂಡಪ್ಪ ಎದ್ದು ನಿಂತ. ಅವನಿಗೆ ಅದು ಅಡ್ಡಾದಿಡ್ಡಿಯಾಗಿ ಕಂಡಿತ್ತಂತೆ. "ನಿನ್ ಕಣ್ಣಿಗೆ ಬೆಂಕಿ ಹಾಕ," ಎಂದು ನಾಗವೇಣಿ ಅವನ ಮೇಲೆ ಹಾರಿದಳು. ಮಿಕ್ಕ ಫೋಟೊಗಳಿಗೆ ಒಬ್ಬೊಬ್ಬರನ್ನೇ ಮತ್ತೆ ಅಡುಗೆಮನೆಗೆ ಕರೆದಾಗ, ತಾತ ಏನಂದರು ಎಂದು ಯಾರೂ ಕೇಳಲಿಲ್ಲ.

ಸೋಮವಾರ ಜಯಂತಿ ಮಿಸ್ ಎಲ್ಲ ಉತ್ತರಗಳನ್ನೂ ನೋಡಿ, ಪ್ರಾಜೆಕ್ಟ್ ಮುಂದುವರಿಸು ಎಂದರು. ಬಸ್ಸಿನಲ್ಲಿ ಊರು ತಲುಪುವವರೆಗೂ ನಾನು ಒಬ್ಬಳೇ ನಗುತ್ತಿದ್ದೆ.

ಇನ್ನು ಸರಿಯುತ್ತರ ಹೇಳಬಹುದಿತ್ತು. ಆ ಸಂಜೆ ಎಲ್ಲರನ್ನೂ ಕೂರಿಸಿ, ದೊಡ್ಡ ದೂರದರ್ಶಕದಲ್ಲಿ ತೆಗೆದ ಅದೇ ಗ್ಯಾಲಕ್ಸಿಯ ಫೋಟೊ ತೋರಿಸಿದೆ. ಎರಡು ತೋಳುಗಳು ಟಿವಿ ತುಂಬ ಚಾಚಿಕೊಂಡಿದ್ದವು. ಕೊಂಡಪ್ಪ ಶಿಳ್ಳೆ ಹೊಡೆದ. ನಾಗವೇಣಿ ಅಜ್ಜಿಯನ್ನು ತಬ್ಬಿಕೊಂಡಳು.

ತಾತ ನನ್ನನ್ನು ಹತ್ತಿರ ಕರೆದರು. "ನಂದೂ ತೋಳು ಅಂತ ತಿದ್ದಾಕ್ಬುಡು ಮಗ."

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದಳು: "ತಿದ್ದಂಗಿಲ್ಲ. ನಿಮ್ಗೆ ಕಂಡಿದ್ದು ನೀವು ಹೇಳಿದ್ರಿ, ನಂಗೆ ಕಂಡಿದ್ದು ನಾನು ಹೇಳ್ದೆ. ಇಬ್ರುದೂ ಹಂಗೇ ಇರ್ಲಿ."

ತಾತ "ಹೂಂ" ಎಂದರು. ಅವರು ಅಜ್ಜಿಯ ಮಾತಿಗೆ ಹೂಂ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.